ಎಂಕ್ಯೂಟಿಟಿ ಬ್ರೋಕರ್‌ಗಳನ್ನು ಹೋಲಿಸಿ ನೋಡುವ ಬಗೆ

ಎಂಕ್ಯೂಟಿಟಿ ಎಂದರೆ ಸಾಧನಗಳು ಸಣ್ಣ ಮೆಸೇಜ್ ಕಳಿಸಲು ಬಳಸುವ ಪ್ರೋಟೋಕಾಲ್. ಕಳಿಸಿದವರಿಂದ ಮೆಸೇಜ್ ಪಡೆದು, ಅದು ಬೇಕೆಂದು ಸಬ್‌ಸ್ಕ್ರೈಬ್ ಮಾಡಿದವರಿಗೆ ತಲುಪಿಸುವ ಸರ್ವರೇ ಬ್ರೋಕರ್. ಬ್ರೋಕರ್ ಸೆಕೆಂಡಿಗೆ ಇಷ್ಟು ಲಕ್ಷ ಮೆಸೇಜ್ ಎಂದು ಬರೆದ ಚಾರ್ಟನ್ನು ಯಾರಾದರೂ ಕಳಿಸಿದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಒಂದೊಂದು ಮೆಸೇಜ್ ಎಷ್ಟು ಬೈಟ್? ಕ್ಯೂಒಎಸ್ (ತಲುಪಿಸುವ ಖಾತ್ರಿಯ ಮಟ್ಟ: 0, 1 ಅಥವಾ 2) ಎಷ್ಟು? ಕಳಿಸಿದ್ದರಲ್ಲಿ ತಲುಪದೇ ಹೋದದ್ದೆಷ್ಟು? ಇವಕ್ಕೆ ಉತ್ತರ ಇಲ್ಲದಿದ್ದರೆ ಆ ಚಾರ್ಟ್ ಇಟ್ಟುಕೊಂಡು ಬ್ರೋಕರ್ ಆರಿಸಲು ಆಗುವುದಿಲ್ಲ. ಚಾರ್ಟ್ ಸುಳ್ಳು ಅಂತಲ್ಲ. ಅದು ಬೇರೆ ಯಾರದೋ ಪ್ರಶ್ನೆಗೆ ಸಿಕ್ಕ ಉತ್ತರ, ಅಷ್ಟೇ.

ನಾನು ನೋಡಿಕೊಳ್ಳುವುದು ವಿದ್ಯುತ್ ಮೀಟರ್‌ಗಳು ಮತ್ತು ಪಂಪ್ ಕಂಟ್ರೋಲರ್‌ಗಳು ಮಾತಾಡುವ ಸರ್ವರ್‌ಗಳನ್ನು. ಮೀಟರ್ 15 ನಿಮಿಷಕ್ಕೊಮ್ಮೆ ರೀಡಿಂಗ್ ಕಳಿಸಿ ಸುಮ್ಮನಾಗುತ್ತದೆ. ಪಂಪ್ ಕಂಟ್ರೋಲರ್ ಸೆಕೆಂಡಿಗೊಮ್ಮೆ ಕಳಿಸುತ್ತಲೇ ಇರುತ್ತದೆ. ಅದಕ್ಕೆ ನಾವು ಕಳಿಸುವ 'ಬಂದ್ ಮಾಡು' ಎಂಬ ಆದೇಶವೂ ತಕ್ಷಣ ಮುಟ್ಟಬೇಕು. ಎರಡೂ ಎಂಕ್ಯೂಟಿಟಿಯೇ. ಆದರೆ ಮೊದಲನೆಯದಕ್ಕೆ ಒಗ್ಗುವ ಬ್ರೋಕರ್ ಎರಡನೆಯದಕ್ಕೂ ಒಗ್ಗಬೇಕು ಎಂದೇನಿಲ್ಲ. ಹಾಗಾಗಿ ಯಾವ ಬ್ರೋಕರ್ ಗೆದ್ದಿತು ಅಂತ ಇಲ್ಲಿ ಹೇಳುವುದಿಲ್ಲ. ನಿಮ್ಮ ಲೋಡಿಗೆ ಯಾವುದು ಸರಿ ಎಂದು ನೀವೇ ಅಳೆದು ನೋಡುವ ಬಗೆ ಹೇಳುತ್ತೇನೆ.

ಸ್ಟ್ಯಾಂಡರ್ಡ್ ಓದಿದರೆ ಇದಕ್ಕೆ ಸಹಾಯ ಸಿಗುವುದಿಲ್ಲ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಕ್ಯೂಟಿಟಿ ರೂಪಿಸಿದ್ದು ಉಪಗ್ರಹ ಸಂಪರ್ಕದ ಮೂಲಕ ತೈಲ ಪೈಪ್‌ಲೈನ್‌ಗಳ ಮೇಲೆ ಕಣ್ಣಿಡಲು. ದುಬಾರಿ, ಸಣಕಲು ಲಿಂಕ್. ಅದಕ್ಕೇ ಪ್ಯಾಕೆಟ್‌ನ ಫಿಕ್ಸೆಡ್ ಹೆಡರ್ 2 ಬೈಟ್‌ನಿಂದ ಶುರುವಾಗುತ್ತದೆ. 2014ರಲ್ಲಿ 3.1.1 ಆವೃತ್ತಿ ಓಯಾಸಿಸ್ ಎಂಬ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು, 2019ರಲ್ಲಿ 5.0 ಬಂತು. ಇವು ಬ್ರೋಕರ್ ಏನು ಮಾಡಬೇಕು ಎಂದು ಹೇಳುತ್ತವೆ. ಎಷ್ಟು ಬೇಗ ಮಾಡಬೇಕು, ಕ್ಯೂ ತುಂಬಿದರೆ ಯಾವುದನ್ನು ಬಿಸಾಕಬೇಕು, ಡಿಸ್ಕಿಗೆ ಯಾವಾಗ ಬರೆಯಬೇಕು ಎಂಬುದೆಲ್ಲ ಬರೆದವರ ಇಷ್ಟ. ಬ್ರೋಕರ್‌ಗಳ ನಡುವಿನ ವ್ಯತ್ಯಾಸ ಇರುವುದೂ ಅಲ್ಲೇ.

ಕಣದಲ್ಲಿ ಯಾರಿದ್ದಾರೆ

ಎಕ್ಲಿಪ್ಸ್ ಮೊಸ್ಕಿಟೊ ಸಿ ಭಾಷೆಯಲ್ಲಿ ಬರೆದ ಪುಟ್ಟ ಬ್ರೋಕರ್. ಅದರ ಮುಖ್ಯ ಕೆಲಸವೆಲ್ಲ ಒಂದೇ ಥ್ರೆಡ್‌ನಲ್ಲಿ ನಡೆಯುತ್ತದೆ. ಇಎಂಕ್ಯೂಎಕ್ಸ್ ಮತ್ತು ವರ್ನ್‌ಎಂಕ್ಯೂ ಎರಡೂ ಎರ್ಲಾಂಗ್ ಭಾಷೆಯವು. ಎಲ್ಲ ಕೋರ್‌ಗಳನ್ನೂ ಬಳಸುತ್ತವೆ, ಹಲವು ಮೆಷೀನ್ ಸೇರಿಸಿ ಕ್ಲಸ್ಟರ್ ಕಟ್ಟುತ್ತವೆ. ಹೈವ್‌ಎಂಕ್ಯೂ ಕಮ್ಯುನಿಟಿ ಎಡಿಷನ್ ಜಾವಾದಲ್ಲಿದೆ, ಆ ಎಡಿಷನ್‌ನಲ್ಲಿ ಕ್ಲಸ್ಟರ್ ಇಲ್ಲ. ನ್ಯಾನೊಎಂಕ್ಯೂ ಸಿ ಭಾಷೆಯದೇ ಆದರೂ ಹಲವು ಥ್ರೆಡ್ ಬಳಸುತ್ತದೆ, ಗೇಟ್‌ವೇಗಳಂಥ ಸಣ್ಣ ಸಾಧನಗಳಿಗೆಂದು ಮಾಡಿದ್ದು. ರ‍್ಯಾಬಿಟ್‌ಎಂಕ್ಯೂ ಮೂಲತಃ ಬೇರೆ ಪ್ರೋಟೋಕಾಲ್‌ನದು. 3.12ರಲ್ಲಿ ಅದರ ಎಂಕ್ಯೂಟಿಟಿ ಭಾಗವನ್ನು ಹೊಸದಾಗಿ ಬರೆದರು, 3.13ರಲ್ಲಿ ಎಂಕ್ಯೂಟಿಟಿ 5 ಸೇರಿಸಿದರು. ಕ್ಯೂಒಎಸ್ 2 ಮಾತ್ರ ಅದರಲ್ಲಿಲ್ಲ. ನಿಮಗೆ ಅದು ಬೇಕೇ ಬೇಕು ಎಂದರೆ ಪಟ್ಟಿಯಿಂದ ಈಗಲೇ ತೆಗೆದುಬಿಡಿ, ಒಂದು ದಿನದ ಕೆಲಸ ಉಳಿಯುತ್ತದೆ.

ಆರನ್ನೂ ಟೆಸ್ಟ್ ಮಾಡಲು ಹೋಗಬೇಡಿ. ಎರಡು ಅಥವಾ ಮೂರನ್ನು ಆರಿಸಿ ಸರಿಯಾಗಿ ನೋಡಿ. ಆರನ್ನು ಅರೆಬರೆ ನೋಡಿದರೆ ಕೊನೆಗೆ ಉಳಿಯುವುದು ಡೀಫಾಲ್ಟ್ ಸೆಟ್ಟಿಂಗ್‌ಗಳ ಹೋಲಿಕೆ.

ಮೊದಲು ನಿಮ್ಮ ಲೋಡ್ ಬರೆದುಕೊಳ್ಳಿ

ಟೂಲ್ ಇನ್‌ಸ್ಟಾಲ್ ಮಾಡುವುದಕ್ಕೂ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಸಾಧನ, ಒಂದೊಂದೂ ಎಷ್ಟು ಹೊತ್ತಿಗೊಮ್ಮೆ ಕಳಿಸುತ್ತದೆ, ಪೇಲೋಡ್ (ಮೆಸೇಜ್ ಒಳಗಿನ ಡೇಟಾ) ಎಷ್ಟು ಬೈಟ್, ಕ್ಯೂಒಎಸ್ ಎಷ್ಟು, ಒಂದು ಮೆಸೇಜನ್ನು ಎಷ್ಟು ಜನ ಕೇಳಿಸಿಕೊಳ್ಳುತ್ತಾರೆ, ಕೀಪ್ ಅಲೈವ್ (ಸುಮ್ಮನಿರುವ ಸಾಧನ 'ಇದ್ದೇನೆ' ಎಂದು ಹೇಳಬೇಕಾದ ಅವಧಿ) ಎಷ್ಟು ಸೆಕೆಂಡ್, ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಟಿಎಲ್‌ಎಸ್ ಇದೆಯೋ ಇಲ್ಲವೋ. ಇಷ್ಟನ್ನು ಬರೆದು ಕೈಲೆಕ್ಕ ಹಾಕಿದರೆ ಎಷ್ಟೋ ಸಲ ಅಲ್ಲೇ ಆಶ್ಚರ್ಯ ಕಾದಿರುತ್ತದೆ.

60,000 ಮೀಟರ್ ಇವೆ ಎಂದುಕೊಳ್ಳಿ. 15 ನಿಮಿಷ ಎಂದರೆ 900 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 67 ಮೆಸೇಜ್. ಇಷ್ಟನ್ನು ಯಾವ ಬ್ರೋಕರ್ ಬೇಕಾದರೂ ಮಾಡುತ್ತದೆ. ಆದರೆ ಕೀಪ್ ಅಲೈವ್ 60 ಸೆಕೆಂಡ್ ಇದ್ದರೆ ಸುಮ್ಮನಿರುವ ಪ್ರತಿ ಮೀಟರೂ ನಿಮಿಷಕ್ಕೊಂದು ಪಿಂಗ್ ಕಳಿಸುತ್ತದೆ. ಸೆಕೆಂಡಿಗೆ 1,000 ಪಿಂಗ್, ಅಷ್ಟೇ ಉತ್ತರ. ರೀಡಿಂಗ್‌ಗಿಂತ 'ಇದ್ದೇನೆ' ಎಂದು ಹೇಳುವ ಮಾತೇ 15 ಪಟ್ಟು ಜಾಸ್ತಿ! ಇಂಥ ಲೋಡಿಗೆ 'ಸೆಕೆಂಡಿಗೆ ಎಷ್ಟು ಮೆಸೇಜ್' ಎಂಬ ಚಾರ್ಟ್‌ನಿಂದ ಏನೂ ತಿಳಿಯುವುದಿಲ್ಲ. ಇಲ್ಲಿ ನೋಡಬೇಕಾದದ್ದು ಒಂದು ಕನೆಕ್ಷನ್‌ಗೆ ಎಷ್ಟು ಮೆಮೊರಿ ಹಿಡಿಯುತ್ತದೆ ಎಂಬುದನ್ನು.

ಸರಾಸರಿ ಇನ್ನೊಂದು ಕಡೆಯೂ ಮೋಸ ಮಾಡುತ್ತದೆ. ಮೀಟರ್‌ಗಳ ಗಡಿಯಾರವೆಲ್ಲ ಸರಿಯಾಗಿ ಹೊಂದಿಕೊಂಡಿದ್ದರೆ ಎಲ್ಲವೂ ಕಾಲು ಗಂಟೆಗೆ ಸರಿಯಾಗಿ ಒಟ್ಟಿಗೇ ಕಳಿಸುತ್ತವೆ. 60,000 ಮೆಸೇಜ್ 5 ಸೆಕೆಂಡಿನಲ್ಲಿ ಬಂದರೆ ಸೆಕೆಂಡಿಗೆ 12,000 ಆಯಿತು. 67 ಎಲ್ಲಿ, 12,000 ಎಲ್ಲಿ? ಸಾಧನದ ಕಡೆ ಕೋಡ್ ಬದಲಿಸುವ ಅವಕಾಶ ಇದ್ದರೆ ಪ್ರತಿ ಮೀಟರಿಗೂ ಸ್ವಲ್ಪ ಮನಬಂದಂತೆ ತಡ ಸೇರಿಸಿ. ಬ್ರೋಕರ್ ಬದಲಿಸುವುದಕ್ಕಿಂತ ಅದು ಅಗ್ಗ. ಅವಕಾಶ ಇಲ್ಲದಿದ್ದರೆ ಟೆಸ್ಟ್‌ನಲ್ಲೂ ಹಾಗೇ ಗುಂಪಾಗಿ ಕಳಿಸಿ.

ಪಂಪ್‌ಗಳ ಲೆಕ್ಕ ಬೇರೆ. 4,000 ಕಂಟ್ರೋಲರ್, ಸೆಕೆಂಡಿಗೊಂದು ಮೆಸೇಜ್. ಒಳಗೆ ಬರುವುದು 4,000. ಡೇಟಾಬೇಸಿಗೆ ಬರೆಯುವ ಪ್ರೋಗ್ರಾಂ, ಅಲಾರಂ, ಡ್ಯಾಶ್‌ಬೋರ್ಡ್ ಮೂರೂ ಕೇಳುತ್ತಿದ್ದರೆ ಹೊರಗೆ ಹೋಗುವುದು 12,000. ಒಬ್ಬರು ಇದನ್ನು 4,000 ಎನ್ನುತ್ತಾರೆ, ಇನ್ನೊಬ್ಬರು 12,000, ಮತ್ತೊಬ್ಬರು ಕೂಡಿಸಿ 16,000. ಬೇರೆಯವರ ಚಾರ್ಟ್ ಓದುವಾಗ ಇದನ್ನು ನೆನಪಿಡಿ, ನಿಮ್ಮದನ್ನು ಬರೆಯುವಾಗ ಒಳಗೆ ಮತ್ತು ಹೊರಗೆ ಎಂದು ಎರಡು ಅಂಕಿ ಕೊಡಿ.

ಕ್ಯೂಒಎಸ್ ಏರಿದಂತೆ ಪ್ಯಾಕೆಟ್ ಕೂಡ ಏರುತ್ತದೆ. ಕಳಿಸುವವನಿಂದ ಬ್ರೋಕರ್‌ಗೆ ಒಂದು ಹೆಜ್ಜೆ, ಬ್ರೋಕರ್‌ನಿಂದ ಕೇಳುವವನಿಗೆ ಇನ್ನೊಂದು ಹೆಜ್ಜೆ. ಕ್ಯೂಒಎಸ್ 0ದಲ್ಲಿ ಒಟ್ಟು 2 ಪ್ಯಾಕೆಟ್, 1ರಲ್ಲಿ 4, 2ರಲ್ಲಿ 8. ಇಲ್ಲೊಂದು ತೊಡಕಿದೆ. ಕಳಿಸುವವನು ಕ್ಯೂಒಎಸ್ 1 ಹಾಕಿದರೂ ಕೇಳುವವನು 0 ಎಂದು ಸಬ್‌ಸ್ಕ್ರೈಬ್ ಮಾಡಿದ್ದರೆ ಎರಡನೇ ಹೆಜ್ಜೆ 0 ಆಗಿಯೇ ನಡೆಯುತ್ತದೆ. ಎರಡರಲ್ಲಿ ಕಡಿಮೆ ಯಾವುದೋ ಅದೇ ಲೆಕ್ಕ. ಹಾಗಾಗಿ 'ಕ್ಯೂಒಎಸ್ 1 ಟೆಸ್ಟ್' ಎಂದು ಬರೆದದ್ದು ಅರ್ಧ ಮಾತ್ರ ಕ್ಯೂಒಎಸ್ 1 ಆಗಿರಬಹುದು.

ಲೋಡ್ ಹಾಕುವ ಮೆಷೀನ್

ನನ್ನ ಪ್ರಕಾರ ಬ್ರೋಕರ್ ಹೋಲಿಕೆಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಬ್ರೋಕರ್ ಸುಸ್ತಾಗುವ ಮುಂಚೆ ಲೋಡ್ ಹಾಕುವ ಮೆಷೀನೇ ಸುಸ್ತಾದರೆ, ಎಲ್ಲ ಬ್ರೋಕರ್‌ಗೂ ಸರಿಸುಮಾರು ಒಂದೇ ಅಂಕಿ ಬರುತ್ತದೆ. ಅದನ್ನು ನೋಡಿ 'ಎಲ್ಲಾ ಒಂದೇ ಬಿಡಿ' ಎಂದು ಜನ ತೀರ್ಮಾನ ಮಾಡುತ್ತಾರೆ.

ಟೂಲ್‌ಗಳಿಗೆ ಕೊರತೆ ಇಲ್ಲ. ಇಎಂಕ್ಯೂಟಿಟಿ-ಬೆಂಚ್ ಎರ್ಲಾಂಗ್‌ನಲ್ಲಿ ಬರೆದದ್ದು, ಕನೆಕ್ಟ್, ಪಬ್ಲಿಷ್, ಸಬ್‌ಸ್ಕ್ರೈಬ್ ಮೂರಕ್ಕೂ ಬೇರೆ ಬೇರೆ ಕಮಾಂಡ್ ಇದೆ. ಅದನ್ನು ಮಾಡಿದವರೇ ಇಎಂಕ್ಯೂಎಕ್ಸ್ ಮಾಡಿದವರು, ಆದರೆ ಯಾವ ಬ್ರೋಕರ್‌ಗೆ ಬೇಕಾದರೂ ಓಡುತ್ತದೆ. ಜೆಮೀಟರ್‌ಗೆ ಎಂಕ್ಯೂಟಿಟಿ ಪ್ಲಗಿನ್ ಸಿಗುತ್ತದೆ. ನಾನು ಮೊದಲನೆಯದನ್ನೇ ಬಳಸುವುದು. ಅದರಲ್ಲಿ ಸಣ್ಣಕ್ಷರದ 'ಐ' ಆಪ್ಷನ್ ಎಂದರೆ ಎರಡು ಕನೆಕ್ಷನ್‌ಗಳ ನಡುವಿನ ಬಿಡುವು, ದೊಡ್ಡಕ್ಷರದ 'ಐ' ಎಂದರೆ ಎರಡು ಮೆಸೇಜ್‌ಗಳ ನಡುವಿನ ಬಿಡುವು. ಎರಡೂ ಮಿಲಿಸೆಕೆಂಡ್‌ನಲ್ಲಿ. ಅದಲು ಬದಲಾದರೆ ಟೂಲ್ ದೂರು ಹೇಳುವುದಿಲ್ಲ, ಸುಮ್ನೆ ಬೇರೆ ಲೋಡ್ ಹಾಕುತ್ತದೆ. ಕನೆಕ್ಷನ್ ಬಿಡುವಿನ ಡೀಫಾಲ್ಟ್ 10 ಮಿಲಿಸೆಕೆಂಡ್. ಹಾಗೇ ಬಿಟ್ಟರೆ 60,000 ಕನೆಕ್ಷನ್ ಆಗಲು 10 ನಿಮಿಷ ಹಿಡಿಯುತ್ತದೆ.

ಲೋಡ್ ಹಾಕುವ ಪ್ರೋಗ್ರಾಂ ಬ್ರೋಕರ್ ಇರುವ ಮೆಷೀನಿನಲ್ಲಿ ಇರಬಾರದು. ಇದ್ದರೆ ಇಬ್ಬರೂ ಅದೇ ಸಿಪಿಯುಗೆ ಕಿತ್ತಾಡುತ್ತಾರೆ, ನೆಟ್‌ವರ್ಕ್ ಕಾರ್ಡ್ ಲೆಕ್ಕಕ್ಕೇ ಬರುವುದಿಲ್ಲ.

ಲಿನಕ್ಸ್‌ನಲ್ಲಿ ಮೊದಲು ಎದುರಾಗುವ ಗೋಡೆ ಫೈಲ್ ಡಿಸ್ಕ್ರಿಪ್ಟರ್‌ಗಳದ್ದು, ಪ್ರತಿ ಕನೆಕ್ಷನ್‌ಗೂ ಒಂದು ಬೇಕು. ಸಾಮಾನ್ಯವಾಗಿ ಡೀಫಾಲ್ಟ್ ಮಿತಿ 1,024. ಎರಡೂ ಕಡೆ ಏರಿಸಿ. ಬ್ರೋಕರ್ ಸಿಸ್ಟಂಡಿಯಿಂದ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಪ್ರೋಗ್ರಾಂ) ಶುರುವಾಗುತ್ತಿದ್ದರೆ ಶೆಲ್‌ನಲ್ಲಿ ಏರಿಸಿದ ಮಿತಿ ಅದಕ್ಕೆ ಮುಟ್ಟುವುದಿಲ್ಲ, ಸರ್ವಿಸ್ ಫೈಲ್‌ನಲ್ಲೇ ಬರೆಯಬೇಕು. ಎರಡನೇ ಗೋಡೆ ಪೋರ್ಟ್‌ಗಳದ್ದು. ಹೊರಹೋಗುವ ಕನೆಕ್ಷನ್‌ಗಳಿಗೆ ಲಿನಕ್ಸ್ ಡೀಫಾಲ್ಟಾಗಿ ಕೊಡುವ ಪೋರ್ಟ್‌ಗಳು 32768ರಿಂದ 60999ರವರೆಗೆ, ಅಂದರೆ 28,232. ಒಂದು ಐಪಿಯಿಂದ ಒಂದು ಬ್ರೋಕರ್‌ನ 1883ನೇ ಪೋರ್ಟ್‌ಗೆ ಅದಕ್ಕಿಂತ ಜಾಸ್ತಿ ಕನೆಕ್ಷನ್ ಹೋಗುವುದಿಲ್ಲ. 'ಈ ಬ್ರೋಕರ್ 28,000ಕ್ಕೆ ನಿಂತುಬಿಡ್ತು' ಎಂದು ಯಾರಾದರೂ ಹೇಳಿದರೆ ಬ್ರೋಕರ್ ಕಡೆ ನೋಡಲೇಬೇಡಿ. ಪೋರ್ಟ್ ವ್ಯಾಪ್ತಿಯನ್ನು 1024ರಿಂದ 65535ಕ್ಕೆ ಹಿಗ್ಗಿಸಿ, ಸಾಲದಿದ್ದರೆ ಮೆಷೀನಿಗೆ ಇನ್ನಷ್ಟು ಐಪಿ ಸೇರಿಸಿ. ಫೈರ್‌ವಾಲ್ ಇದ್ದರೆ ಕನೆಕ್ಷನ್‌ಗಳ ಲೆಕ್ಕ ಇಡುವ ಅದರ ಕಾನ್‌ಟ್ರ್ಯಾಕ್ ಟೇಬಲ್ ತುಂಬಿತೇ ಎಂದು ಕರ್ನಲ್ ಲಾಗ್‌ನಲ್ಲಿ ನೋಡಿ. ತುಂಬಿದರೆ ಪ್ಯಾಕೆಟ್‌ಗಳನ್ನು ಹಾಗೇ ಬಿಸಾಕುತ್ತದೆ, ಬ್ರೋಕರ್‌ಗೆ ಸುದ್ದಿಯೂ ತಿಳಿಯುವುದಿಲ್ಲ.

ಡಾಕರ್‌ನಲ್ಲಿ ಓಡಿಸುವುದಾದರೆ ಹೋಸ್ಟ್ ನೆಟ್‌ವರ್ಕ್ ಬಳಸಿ. ಇಲ್ಲವಾದರೆ ನೀವು ಬ್ರೋಕರ್ ಜೊತೆಗೆ ಡಾಕರ್‌ನ ಪೋರ್ಟ್ ಮ್ಯಾಪಿಂಗನ್ನೂ ಅಳೆಯುತ್ತಿರುತ್ತೀರಿ.

ಇಷ್ಟಾದ ಮೇಲೆ ಜನರೇಟರ್, ಅಂದರೆ ಲೋಡ್ ಹಾಕುವ ಮೆಷೀನ್, ಸಾಕಷ್ಟಿದೆ ಎಂದು ಸಾಬೀತು ಮಾಡಿಕೊಳ್ಳಿ. ವಿಧಾನ ಸುಲಭ. ಒಂದು ಮೆಷೀನಿನಿಂದ ಪೂರ್ತಿ ಲೋಡ್ ಹಾಕಿ ಅಂಕಿ ಬರೆದುಕೊಳ್ಳಿ. ಅದೇ ಲೋಡನ್ನು ಎರಡು ಮೆಷೀನಿಗೆ ಅರ್ಧರ್ಧ ಹಂಚಿ ಮತ್ತೆ ಓಡಿಸಿ. ಅಂಕಿ ಏರಿದರೆ ಅಥವಾ ಲೇಟೆನ್ಸಿ (ಮೆಸೇಜ್ ತಲುಪಲು ಹಿಡಿಯುವ ಸಮಯ) ಇಳಿದರೆ ಮೊದಲ ಸಲ ನೀವು ಅಳೆದದ್ದು ಜನರೇಟರನ್ನು. ಬದಲಾಗದಿದ್ದರೆ ಮುಂದೆ ಹೋಗಿ. ಈ ಹೆಜ್ಜೆ ಬಿಟ್ಟ ಫಲಿತಾಂಶವನ್ನು ನಾನು ಓದುವುದಿಲ್ಲ, ನನ್ನದೇ ಆಗಿದ್ದರೂ ಸರಿ.

ಬ್ಯಾಂಡ್‌ವಿಡ್ತ್ ಕೂಡ ಕೈಲೆಕ್ಕದಲ್ಲೇ ಸಿಗುತ್ತದೆ. 256 ಬೈಟ್‌ನ ಪೇಲೋಡ್, ಸೆಕೆಂಡಿಗೆ 50,000 ಮೆಸೇಜ್ ಎಂದರೆ 12.8 ಮೆಗಾಬೈಟ್, ಅಂದರೆ 102 ಮೆಗಾಬಿಟ್. ಐದು ಜನ ಕೇಳುತ್ತಿದ್ದರೆ ಹೊರಗೆ 512 ಮೆಗಾಬಿಟ್. ಹೆಡರ್‌ಗಳನ್ನು ಇನ್ನೂ ಸೇರಿಸಿಲ್ಲ. 1 ಗಿಗಾಬಿಟ್ ಕಾರ್ಡ್ ತುಂಬಲು ದೂರವೇನಿಲ್ಲ ಅಲ್ವಾ?

ಡೀಫಾಲ್ಟ್‌ಗಳನ್ನು ಸಮ ಮಾಡುವುದು

ಎರಡು ಬ್ರೋಕರ್ ಇನ್‌ಸ್ಟಾಲ್ ಮಾಡಿ ಹಾಗೇ ಹೋಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಕ್ಯೂಒಎಸ್ 1ರಲ್ಲಿ ಬ್ರೋಕರ್ ಒಬ್ಬ ಕ್ಲೈಂಟ್‌ಗೆ ಮೆಸೇಜ್ ಕಳಿಸಿ 'ಸಿಕ್ಕಿತು' ಎಂಬ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರದೇ ಎಷ್ಟು ಮೆಸೇಜ್ ದಾರಿಯಲ್ಲಿರಬಹುದು ಎಂಬುದಕ್ಕೆ ಮಿತಿ ಇದೆ. ಅದೇ ಇನ್‌ಫ್ಲೈಟ್ ಮಿತಿ. ಮೊಸ್ಕಿಟೊದಲ್ಲಿ ಡೀಫಾಲ್ಟ್ 20, ಇಎಂಕ್ಯೂಎಕ್ಸ್‌ನಲ್ಲಿ 32.

ಕ್ಲೈಂಟ್ ದೂರದಲ್ಲಿದೆ, ಹೋಗಿ ಬರಲು 50 ಮಿಲಿಸೆಕೆಂಡ್ ಬೇಕು ಎಂದುಕೊಳ್ಳಿ. 20 ಮೆಸೇಜ್ ಹೋಗಿ ಉತ್ತರ ಬರಲು 0.05 ಸೆಕೆಂಡ್. ಅಂದರೆ ಸೆಕೆಂಡಿಗೆ 400 ಮೆಸೇಜ್, ಅದರಾಚೆ ಒಂದೂ ಇಲ್ಲ. 32 ಇದ್ದರೆ 640. ಸಿಪಿಯು ಎಷ್ಟೇ ಖಾಲಿ ಇರಲಿ, ಈ ಗೋಡೆ ದಾಟಲಾಗದು. ಈಗ ಒಬ್ಬರು 'ಇದು ಅದಕ್ಕಿಂತ 60 ಪರ್ಸೆಂಟ್ ಫಾಸ್ಟ್' ಎಂದು ಬರೆಯುತ್ತಾರೆ. ಅವರು ಅಳೆದದ್ದು ಕಾನ್ಫಿಗ್ ಫೈಲ್‌ನ ಒಂದು ಸಾಲನ್ನು.

ಇದೇ ಟೆಸ್ಟನ್ನು ಒಂದೇ ರ‍್ಯಾಕ್‌ನಲ್ಲಿ ಮಾಡಿದರೆ ಹೋಗಿ ಬರುವುದು 0.2 ಮಿಲಿಸೆಕೆಂಡ್. 20 ಇನ್‌ಫ್ಲೈಟ್‌ನಲ್ಲೇ ಸೆಕೆಂಡಿಗೆ 1,00,000. ಗೋಡೆ ಕಣ್ಣಿಗೇ ಬೀಳುವುದಿಲ್ಲ. ಲ್ಯಾಬ್‌ನಲ್ಲಿ ಚೆನ್ನಾಗಿ ಓಡಿದ್ದು ಹೊರಗೆ ಹೋದ ಕೂಡಲೇ ತೆವಳುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ನಿಮಗೆ ಬೇಕಾದ ಮಿತಿಯನ್ನು ತಿರುಗಿಸಿ ಲೆಕ್ಕ ಹಾಕಬಹುದು. ಒಬ್ಬ ಸಬ್‌ಸ್ಕ್ರೈಬರ್‌ಗೆ ಸೆಕೆಂಡಿಗೆ 4,000 ಮೆಸೇಜ್ ಬೇಕು, ಹೋಗಿ ಬರಲು 50 ಮಿಲಿಸೆಕೆಂಡ್ ಎಂದರೆ ಕನಿಷ್ಠ 200 ಇನ್‌ಫ್ಲೈಟ್ ಬೇಕು. ಎಂಕ್ಯೂಟಿಟಿ 5ರಲ್ಲಿ ಕ್ಲೈಂಟ್ ಕೂಡ ತನ್ನ ಇನ್‌ಫ್ಲೈಟ್ ಮಿತಿಯನ್ನು, ಅಂದರೆ ರಿಸೀವ್ ಮ್ಯಾಕ್ಸಿಮಮ್ ಅನ್ನು, ಹೇಳಬಹುದು, ಆಗ ಎರಡರಲ್ಲಿ ಸಣ್ಣದೇ ನಡೆಯುತ್ತದೆ. ಅಥವಾ ಶೇರ್ಡ್ ಸಬ್‌ಸ್ಕ್ರಿಪ್ಷನ್ ಬಳಸಿ ಒಂದೇ ಟಾಪಿಕ್ಕಿನ (ಮೆಸೇಜ್‌ಗಳನ್ನು ವಿಂಗಡಿಸುವ ಹೆಸರು) ಮೆಸೇಜ್‌ಗಳನ್ನು ನಾಲ್ಕು ಕ್ಲೈಂಟ್‌ಗಳಿಗೆ ಹಂಚಬಹುದು. ಮೆಸೇಜ್‌ಗಳ ಕ್ರಮ ಮುಖ್ಯವಲ್ಲದಿದ್ದರೆ ನಾನು ಅದನ್ನೇ ಮಾಡುತ್ತೇನೆ.

ಎರಡನೇ ದೊಡ್ಡ ವ್ಯತ್ಯಾಸ ಡಿಸ್ಕಿನದು. ಸಾಧನ ಸಂಪರ್ಕ ಕಳೆದುಕೊಂಡಿದ್ದಾಗ ಅದಕ್ಕೆಂದು ಬಂದ ಕ್ಯೂಒಎಸ್ 1 ಮೆಸೇಜನ್ನು ಬ್ರೋಕರ್ ಇಟ್ಟುಕೊಳ್ಳಬೇಕು. ಎಲ್ಲಿ ಇಟ್ಟುಕೊಳ್ಳುತ್ತದೆ? ಮೊಸ್ಕಿಟೊ 2.0 ಸಾಲಿನಲ್ಲಿ ಪರ್ಸಿಸ್ಟೆನ್ಸ್ ಆನ್ ಮಾಡಿದರೂ ಅದು ಮೆಮೊರಿಯಲ್ಲಿಟ್ಟುಕೊಂಡು ಆಗಾಗ ಡಿಸ್ಕಿಗೆ ಬರೆಯುತ್ತದೆ. ಡೀಫಾಲ್ಟ್ 1,800 ಸೆಕೆಂಡ್, ಅಂದರೆ ಅರ್ಧ ಗಂಟೆ. ವರ್ನ್‌ಎಂಕ್ಯೂ ಡಿಸ್ಕಿನಲ್ಲಿರುವ ಲೆವೆಲ್‌ಡಿಬಿ ಎಂಬ ಡೇಟಾಬೇಸಿಗೆ ಬರೆಯುತ್ತದೆ. ಒಬ್ಬ ಬರೆದಿಟ್ಟುಕೊಂಡು ಕೆಲಸ ಮಾಡುತ್ತಾನೆ, ಇನ್ನೊಬ್ಬ ನೆನಪಿನಲ್ಲಿಟ್ಟುಕೊಂಡು ಮಾಡುತ್ತಾನೆ. ಎರಡನೆಯವನು ಬೇಗ ಮುಗಿಸಿದರೆ ಅಚ್ಚರಿ ಏನಿದೆ?

ಹಾಗಾಗಿ ವೇಗ ಅಳೆಯುವ ಮುಂಚೆ ಒಂದು ಕ್ರೂರ ಟೆಸ್ಟ್ ಮಾಡಿ. ಕೆಲವು ಕ್ಲೈಂಟ್‌ಗಳನ್ನು ಉಳಿಯುವ ಸೆಷನ್ ಜೊತೆ ಸಬ್‌ಸ್ಕ್ರೈಬ್ ಮಾಡಿಸಿ ಡಿಸ್‌ಕನೆಕ್ಟ್ ಮಾಡಿ. ಕ್ರಮಸಂಖ್ಯೆ ಇರುವ ಮೆಸೇಜ್‌ಗಳನ್ನು ಕಳಿಸಿ. ಬ್ರೋಕರ್ ಸ್ವೀಕರಿಸಿದೆ ಎಂದು ಉತ್ತರ ಬಂದ ಮೇಲೆ ಪ್ರೋಸೆಸನ್ನು ಸಿಗ್‌ಕಿಲ್ ಕೊಟ್ಟು ಸಾಯಿಸಿ. ಮತ್ತೆ ಶುರು ಮಾಡಿ, ಕ್ಲೈಂಟ್‌ಗಳನ್ನು ಕನೆಕ್ಟ್ ಮಾಡಿ, ಯಾವ ಸಂಖ್ಯೆಗಳು ಕಾಣೆಯಾಗಿವೆ ನೋಡಿ. ಕಾಣೆಯಾದರೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೀಟರ್ ರೀಡಿಂಗ್ ಒಂದು ಹೋದರೆ ಮುಂದಿನದರಲ್ಲಿ ಒಟ್ಟು ಲೆಕ್ಕ ಸಿಗುತ್ತದೆ. ಪಂಪ್ ಬಂದ್ ಮಾಡುವ ಆದೇಶ ಹೋದರೆ ಕಥೆ ಬೇರೆ. ನಿಮಗೆ ಯಾವ ಮಟ್ಟದ ಭದ್ರತೆ ಬೇಕೋ ಎಲ್ಲ ಬ್ರೋಕರ್‌ಗಳನ್ನೂ ಆ ಮಟ್ಟಕ್ಕೆ ತಂದು ಆಮೇಲೆ ಓಟಕ್ಕೆ ಬಿಡಿ. ಯಾವುದಾದರೂ ಆ ಮಟ್ಟ ಮುಟ್ಟದಿದ್ದರೆ ಅದನ್ನು ಓಟದಿಂದ ಹೊರಗಿಡಿ, 'ಫಾಸ್ಟ್' ಎಂದು ಮೇಲೆ ಕೂರಿಸಬೇಡಿ.

ಉಳಿದವು ಚಿಕ್ಕವು, ಆದರೂ ಸಮ ಮಾಡಿ. ಕ್ಯೂನ ಉದ್ದ. ಪಾಸ್‌ವರ್ಡ್ ಮತ್ತು ಎಸಿಎಲ್ (ಅನುಮತಿ ಪಟ್ಟಿ) ಪರೀಕ್ಷೆ. ಲಾಗ್ ಮಟ್ಟ. ಸಣ್ಣ ಪ್ಯಾಕೆಟ್‌ಗಳನ್ನು ಕೂಡಿಡದೆ ತಕ್ಷಣ ಕಳಿಸುವ ಟಿಸಿಪಿಯ ನೋ-ಡಿಲೇ ಆಪ್ಷನ್: ಮೊಸ್ಕಿಟೊದಲ್ಲಿ ಡೀಫಾಲ್ಟಾಗಿ ಆಫ್ ಇರುತ್ತದೆ, ಸಣ್ಣ ಸಣ್ಣ ಮೆಸೇಜ್‌ಗಳಲ್ಲಿ ಲೇಟೆನ್ಸಿ 40 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಗುಂಪುಗಟ್ಟಿದರೆ ಮೊದಲು ಅನುಮಾನ ಪಡಬೇಕಾದದ್ದು ಇದರ ಮೇಲೆ. ಇನ್ನೊಂದು, ಮೊಸ್ಕಿಟೊ 2.0ದಿಂದ ಈಚೆಗೆ ಕಾನ್ಫಿಗ್ ಇಲ್ಲದೇ ಶುರು ಮಾಡಿದರೆ ಅದು ತನ್ನ ಮೆಷೀನಿನ ಒಳಗಿನ ಕನೆಕ್ಷನ್ ಮಾತ್ರ ಒಪ್ಪುತ್ತದೆ. ಹೊರಗಿನಿಂದ ಕನೆಕ್ಟ್ ಆಗಲಿಲ್ಲ ಎಂದು ಗಾಬರಿ ಬೇಡ.

ಲೇಟೆನ್ಸಿ ಅಳೆಯುವುದು

ಗಡಿಯಾರದ ಸಮಸ್ಯೆ ತಪ್ಪಿಸಲು ಸುಲಭ ದಾರಿ ಎಂದರೆ ಕಳಿಸುವವನನ್ನೂ ಕೇಳುವವನನ್ನೂ ಒಂದೇ ಮೆಷೀನಿನಲ್ಲಿ ಇಡುವುದು. ಪೇಲೋಡ್ ಒಳಗೆ ಕಳಿಸಿದ ಸಮಯ ಬರೆಯಿರಿ, ಬಂದಾಗ ಕಳೆಯಿರಿ. ಎರಡು ಮೆಷೀನಿನ ಗಡಿಯಾರ ಎನ್‌ಟಿಪಿಯಿಂದ ಹೊಂದಿಸಿದ್ದರೂ ಕೆಲವು ಮಿಲಿಸೆಕೆಂಡ್ ಆಚೀಚೆ ಇರಬಹುದು, ನೀವು ಅಳೆಯಬೇಕಾದದ್ದೇ ಅಷ್ಟಿರುತ್ತದೆ.

ಸರಾಸರಿ ಬೇಡ. ಪರ್ಸೆಂಟೈಲ್ ನೋಡಿ. ಸೆಕೆಂಡಿಗೊಂದು ಮೆಸೇಜ್ ಕಳಿಸುವ ಪಂಪ್ ದಿನಕ್ಕೆ 86,400 ಕಳಿಸುತ್ತದೆ. 99ನೇ ಪರ್ಸೆಂಟೈಲ್ (100ರಲ್ಲಿ 99 ಮೆಸೇಜ್ ಎಷ್ಟು ಹೊತ್ತಿನೊಳಗೆ ತಲುಪುತ್ತವೋ ಆ ಅಂಕಿ) ಚೆನ್ನಾಗಿದೆ ಎಂದರೂ ದಿನಕ್ಕೆ 864 ಮೆಸೇಜ್ ಅದಕ್ಕಿಂತ ಕೆಟ್ಟದಾಗಿ ಹೋಗುತ್ತವೆ. 99.9 ನೋಡಿದರೂ 86 ಉಳಿಯುತ್ತವೆ. ಜೊತೆಗೆ ನಾಲ್ಕು ಮೆಷೀನಿನ 99ನೇ ಪರ್ಸೆಂಟೈಲ್‌ಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಬೇಡಿ, ಆ ಅಂಕಿಗೆ ಅರ್ಥವಿಲ್ಲ. ಹಿಸ್ಟೋಗ್ರಾಂಗಳನ್ನೇ ಸೇರಿಸಿ ಆಮೇಲೆ ಪರ್ಸೆಂಟೈಲ್ ತೆಗೆಯಿರಿ.

ಇನ್ನೊಂದು ಬಲೆ ಇದೆ. ಸಾಫ್ಟ್‌ವೇರ್ ಎಂಜಿನಿಯರ್ ಗಿಲ್ ಟೆನೆ ಇದಕ್ಕೆ 'ಕೋಆರ್ಡಿನೇಟೆಡ್ ಒಮಿಷನ್' ಎಂದು ಹೆಸರಿಟ್ಟರು. ಟೂಲ್ ಒಂದು ಮೆಸೇಜ್ ಕಳಿಸಿ, ಉತ್ತರ ಬಂದ ಮೇಲೆ ಮಾತ್ರ ಮುಂದಿನದು ಕಳಿಸುತ್ತದೆ ಎಂದುಕೊಳ್ಳಿ. 10 ಮಿಲಿಸೆಕೆಂಡಿಗೊಮ್ಮೆ ಕಳಿಸಬೇಕಿತ್ತು. ಬ್ರೋಕರ್ ಒಂದು ಸೆಕೆಂಡ್ ನಿಂತುಬಿಟ್ಟಿತು. ಆ ಹೊತ್ತಿನಲ್ಲಿ ಹೋಗಬೇಕಿದ್ದ 100 ಮೆಸೇಜ್‌ಗಳ ಪೈಕಿ ಒಂದೇ ಹೋಯಿತು, ಒಂದೇ ಕೆಟ್ಟ ಅಂಕಿ ದಾಖಲಾಯಿತು. ಉಳಿದ 99 ಕಳಿಸಲೇ ಇಲ್ಲ, ಆದ್ದರಿಂದ ತಡವೂ ಆಗಲಿಲ್ಲ! ನಿಜವಾದ ಪಂಪ್‌ಗಳು ಹಾಗೆ ಕಾಯುವುದಿಲ್ಲ. ಬ್ರೋಕರ್ ನಿಂತಿದೆಯೋ ಇಲ್ಲವೋ ಅವಕ್ಕೆ ಗೊತ್ತಿಲ್ಲ, ತಮ್ಮ ಹೊತ್ತಿಗೆ ಕಳಿಸುತ್ತವೆ. ಟೂಲ್ ಕೂಡ ವೇಳಾಪಟ್ಟಿ ಹಿಡಿದು ಕಳಿಸಬೇಕು. ತಡವನ್ನು ನಿಜವಾಗಿ ಕಳಿಸಿದ ಸಮಯದಿಂದಲ್ಲ, ಕಳಿಸಬೇಕಾಗಿದ್ದ ಸಮಯದಿಂದ ಎಣಿಸಬೇಕು. ನಿಮ್ಮ ಟೂಲ್ ಹೀಗೆ ಮಾಡುತ್ತದೆಯೇ ಎಂದು ನೋಡಲು ಓಟದ ನಡುವೆ ಬ್ರೋಕರ್ ಪ್ರೋಸೆಸನ್ನು ಸಿಗ್‌ಸ್ಟಾಪ್ ಕೊಟ್ಟು ಎರಡು ಸೆಕೆಂಡ್ ನಿಲ್ಲಿಸಿ, ಮತ್ತೆ ಓಡಿಸಿ. ರಿಪೋರ್ಟ್‌ನಲ್ಲಿ ಆ ಎರಡು ಸೆಕೆಂಡಿನ ಗಾಯ ಕಾಣದಿದ್ದರೆ ಟೂಲ್ ಬದಲಿಸಿ.

ಓಡಿಸುವಾಗ

ಪ್ರತಿ ಬ್ರೋಕರನ್ನೂ ಅದರ ತುತ್ತತುದಿಗೆ ತಳ್ಳಿ ಅಲ್ಲಿನ ಲೇಟೆನ್ಸಿ ಹೋಲಿಸುವುದು ಬೇಡ. ತುಂಬಿ ತುಳುಕುವಾಗ ಲೇಟೆನ್ಸಿ ಎಂದರೆ ಕ್ಯೂನ ಉದ್ದ ಅಷ್ಟೇ. ಎಲ್ಲಕ್ಕೂ ಒಂದೇ ಲೋಡ್ ಹಾಕಿ. ನಿಮ್ಮ ಅಗತ್ಯದ ಅರ್ಧ, ಪೂರ್ತಿ, ಒಂದೂವರೆ ಪಟ್ಟು, ಎರಡು ಪಟ್ಟು. ಎಲ್ಲಿ ಗ್ರಾಫ್ ದಿಢೀರ್ ಮೇಲಕ್ಕೆ ಬಾಗುತ್ತದೋ ಅದು ಅದರ ಮಿತಿ. ಅಗತ್ಯಕ್ಕೂ ಆ ಬಾಗುವಿಕೆಗೂ ನಡುವೆ ಎಷ್ಟು ಜಾಗವಿದೆ ಎಂಬುದು ಆಯ್ಕೆಗೆ ಬೇಕಾದ ಅಂಕಿ.

ಸಿಪಿಯು ನೋಡುವಾಗ ಒಟ್ಟು ಶೇಕಡಾ ನೋಡಿದರೆ ಸಾಲದು. 8 ಕೋರ್ ಮೆಷೀನಿನಲ್ಲಿ ಮೊಸ್ಕಿಟೊ ತನ್ನ ಒಂದು ಕೋರ್ ಪೂರ್ತಿ ತುಂಬಿದಾಗ ಒಟ್ಟು ಬಳಕೆ 12.5 ಶೇಕಡಾ ಎಂದು ಕಾಣುತ್ತದೆ. 'ಇನ್ನೂ ಎಷ್ಟೊಂದು ಜಾಗ ಇದೆ' ಎಂದುಕೊಳ್ಳುತ್ತೀರಿ, ಅಲ್ಲಿಗೆ ಅದರ ಕಥೆ ಮುಗಿದಿರುತ್ತದೆ. ಎಂಪಿಸ್ಟ್ಯಾಟ್ ಎಂಬ ಟೂಲ್‌ನಲ್ಲಿ ಕೋರ್‌ವಾರು ನೋಡಿ. ಎರ್ಲಾಂಗ್ ಬ್ರೋಕರ್‌ಗಳಲ್ಲಿ ಇದರ ಉಲ್ಟಾ. ಎರ್ಲಾಂಗ್‌ನ ಶೆಡ್ಯೂಲರ್‌ಗಳು ಕೆಲಸ ಇಲ್ಲದಾಗಲೂ ಸ್ವಲ್ಪ ಹೊತ್ತು ತಿರುಗುತ್ತಾ ಕಾಯುತ್ತವೆ, ಅದು ಸಿಪಿಯು ಬಳಕೆಯಾಗಿ ಕಾಣುತ್ತದೆ. ಹಾಗೆ ತಿರುಗುವುದನ್ನು ಫ್ಲ್ಯಾಗ್ ಹಾಕಿ ನಿಲ್ಲಿಸಿ ಒಮ್ಮೆ ನೋಡಿ, ನಿಜವಾದ ಬಳಕೆ ತಿಳಿಯುತ್ತದೆ. ಜಾವಾ ಬ್ರೋಕರ್‌ಗೆ ಶುರುವಿನಲ್ಲಿ ಬಿಸಿಯಾಗಲು ಸಮಯ ಕೊಡಿ, ಮೊದಲ ಕೆಲವು ನಿಮಿಷದ ಅಂಕಿಗಳನ್ನು ಬಿಟ್ಟುಬಿಡಿ. ಅದರ ಮೆಮೊರಿ ಬಳಕೆ ಎಂದು ಕಾಣುವುದು ನೀವು ಕೊಟ್ಟ ಹೀಪ್ (ಜಾವಾಗೆ ಮೀಸಲಿಟ್ಟ ಮೆಮೊರಿ) ಗಾತ್ರವೇ ಆಗಿರಬಹುದು.

ಕ್ಲೌಡ್‌ನಲ್ಲಿ ಮಾಡುವವರಿಗೆ ಒಂದು ಮಾತು. ಅಗ್ಗದ ಮೆಷೀನುಗಳಲ್ಲಿ ಸಿಪಿಯು ಕ್ರೆಡಿಟ್ (ಪೂರ್ತಿ ವೇಗದಲ್ಲಿ ಓಡಲು ಸಿಗುವ ಸೀಮಿತ ಪಾಲು) ಇರುತ್ತದೆ. ಮೊದಲು ಓಡಿಸಿದ ಬ್ರೋಕರ್ ಕ್ರೆಡಿಟ್ ಖಾಲಿ ಮಾಡುತ್ತದೆ, ಎರಡನೆಯದು ಪಾಪ ನಿಧಾನವಾಗಿ ಕಾಣುತ್ತದೆ. ಕ್ರೆಡಿಟ್ ಇಲ್ಲದ ಬಗೆಯ ಮೆಷೀನ್ ತೆಗೆದುಕೊಳ್ಳಿ. ಆದರೂ ಬ್ರೋಕರ್‌ಗಳನ್ನು ಸರದಿ ಬದಲಿಸಿ ಹಲವು ಸಲ ಓಡಿಸಿ, ಒಂದೇ ಬ್ರೋಕರ್‌ನ ಓಟಗಳ ನಡುವೆ ಎಷ್ಟು ಏರುಪೇರಿದೆ ನೋಡಿ. ಎರಡು ಬ್ರೋಕರ್‌ಗಳ ನಡುವಿನ ವ್ಯತ್ಯಾಸ ಆ ಏರುಪೇರಿಗಿಂತ ಕಡಿಮೆ ಇದ್ದರೆ ವ್ಯತ್ಯಾಸವೇ ಇಲ್ಲ ಎಂದು ಬರೆಯಿರಿ.

ಪ್ರತಿ ಓಟದ ಕೊನೆಗೂ ಕಳಿಸಿದ್ದು, ಬಂದದ್ದು, ಬಿಸಾಕಿದ್ದು ಮೂರನ್ನೂ ತಾಳೆ ನೋಡಿ. ಮೊಸ್ಕಿಟೊ ತನ್ನ ಲೆಕ್ಕವನ್ನು ಡಾಲರ್-ಸಿಸ್ ($SYS) ಎಂಬ ಟಾಪಿಕ್‌ಗಳಲ್ಲಿ ಡೀಫಾಲ್ಟಾಗಿ 10 ಸೆಕೆಂಡಿಗೊಮ್ಮೆ ಹಾಕುತ್ತದೆ, ಅದರಲ್ಲಿ ಬಿಸಾಕಿದ ಮೆಸೇಜ್‌ಗಳ ಎಣಿಕೆಯೂ ಇದೆ. ಬೇರೆ ಬ್ರೋಕರ್‌ಗಳೂ ಡ್ಯಾಶ್‌ಬೋರ್ಡ್ ಅಥವಾ ಮೆಟ್ರಿಕ್ಸ್ ಮೂಲಕ ಕೊಡುತ್ತವೆ. ಕ್ಯೂಒಎಸ್ 0ದಲ್ಲಿ ನಿಧಾನ ಕೇಳುಗನಿಗೆ ಮೆಸೇಜ್ ಬಿಸಾಕುವುದು ನಿಯಮದ ಒಳಗೇ ಇದೆ. ಬಿಸಾಕಿ ಗಳಿಸಿದ ವೇಗವನ್ನು ವೇಗ ಎನ್ನಬಾರದು.

ಕೆಟ್ಟ ದಿನದ ಟೆಸ್ಟ್

ಎಲ್ಲ ಸರಿ ಇರುವ ದಿನ ಬಹುತೇಕ ಬ್ರೋಕರ್‌ಗಳು ಚೆನ್ನಾಗಿಯೇ ಇರುತ್ತವೆ. ನಾನು ಬ್ರೋಕರ್ ಆರಿಸುವುದು ಕೆಟ್ಟ ದಿನ ನೋಡಿ.

ಮೊದಲನೆಯದು, ಎಲ್ಲ ಸಾಧನಗಳೂ ಒಟ್ಟಿಗೇ ಮರಳಿ ಬರುವುದು. ಬ್ರೋಕರ್ ರೀಸ್ಟಾರ್ಟ್ ಆಯಿತು, 60,000 ಮೀಟರ್ ಒಮ್ಮೆಲೇ ಬಾಗಿಲು ಬಡಿಯುತ್ತವೆ. ಟಿಎಲ್‌ಎಸ್ ಇದ್ದರೆ ಪ್ರತಿಯೊಂದಕ್ಕೂ ಪೂರ್ತಿ ಹ್ಯಾಂಡ್‌ಶೇಕ್ (ಗುರುತು, ಕೀ ಹೊಂದಿಸಿಕೊಳ್ಳುವ ಮೊದಲ ಮಾತುಕತೆ). ಆರ್‌ಎಸ್‌ಎ 2048 ಸರ್ಟಿಫಿಕೇಟ್ ಬದಲು ಪಿ-256 ಎಂಬ ಎಲಿಪ್ಟಿಕ್ ಕರ್ವ್ ಬಗೆಯದನ್ನು ಬಳಸಿದರೆ ಸರ್ವರ್ ಕಡೆಯ ಸಹಿ ಹಾಕುವ ಕೆಲಸ ಹಲವು ಪಟ್ಟು ಹಗುರ. ಬ್ರೋಕರ್ ಬದಲಿಸದೆ ಸಿಗುವ ಲಾಭ ಇದು, ಎರಡೂ ಬಗೆಯಲ್ಲಿ ಅಳೆಯಿರಿ. ಮೊಸ್ಕಿಟೊದಂಥ ಒಂಟಿ ಥ್ರೆಡ್ ಬ್ರೋಕರ್‌ನಲ್ಲಿ ಹ್ಯಾಂಡ್‌ಶೇಕ್ ಕೂಡ ಅದೇ ಥ್ರೆಡ್‌ನಲ್ಲಿ ನಡೆಯುವುದರಿಂದ ಆಗಲೇ ಕನೆಕ್ಟ್ ಆದವರ ಮೆಸೇಜ್‌ಗಳೂ ಕಾಯುತ್ತವೆ. ಕೊನೆಯ ಸಾಧನ ಕನೆಕ್ಟ್ ಆಗಲು ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಪಂಪ್ ಆದೇಶದ ಲೇಟೆನ್ಸಿ ಎಷ್ಟು: ಈ ಎರಡು ಅಂಕಿ ಬರೆದುಕೊಳ್ಳಿ. ಕಾಯಲಾರದ ಸಾಧನಗಳು ಟೈಮ್‌ಔಟ್ ಆಗಿ ಮತ್ತೆ ಮೊದಲಿಂದ ಬಡಿದರೆ ಕೆಲವೊಮ್ಮೆ ಬ್ರೋಕರ್ ಮೇಲೇಳುವುದೇ ಇಲ್ಲ. ಹಾಗೆ ಆಗುತ್ತದೆಯೇ ಎಂಬುದನ್ನು ಲ್ಯಾಬ್‌ನಲ್ಲೇ ನೋಡಿಬಿಡಿ.

ಎರಡನೆಯದು, ನಿಧಾನವಾದ ಕೇಳುಗ. ಡೇಟಾಬೇಸಿಗೆ ಬರೆಯುವ ಸಬ್‌ಸ್ಕ್ರೈಬರ್‌ನನ್ನು ಬೇಕೆಂದೇ ನಿಧಾನ ಮಾಡಿ. ಬ್ರೋಕರ್‌ನ ಮೆಮೊರಿ ಏರುತ್ತಾ ಹೋಗುತ್ತದೆಯೇ, ಒಂದು ಮಟ್ಟದಲ್ಲಿ ನಿಂತು ಬಿಸಾಕಲು ಶುರು ಮಾಡುತ್ತದೆಯೇ, ಕಳಿಸುವವರನ್ನು ತಡೆಯುತ್ತದೆಯೇ? ಮುಖ್ಯವಾಗಿ, ಅಲಾರಂ ಕೇಳುವವನಿಗೂ ಇದರ ಬಿಸಿ ತಟ್ಟುತ್ತದೆಯೇ? ಒಬ್ಬ ಸೋಮಾರಿಯಿಂದ ಉಳಿದವರೂ ಒದ್ದಾಡುವ ಬ್ರೋಕರ್ ನನಗಂತೂ ಬೇಡ.

ಮೂರನೆಯದು ಕೆಟ್ಟ ನೆಟ್‌ವರ್ಕ್. ಲಿನಕ್ಸ್‌ನ ನೆಟ್‌ಎಮ್ ಬಳಸಿ ಜನರೇಟರ್ ಕಡೆ 50 ಮಿಲಿಸೆಕೆಂಡ್ ತಡ, 1 ಶೇಕಡಾ ನಷ್ಟ ಹಾಕಿ ಮುಖ್ಯ ಟೆಸ್ಟನ್ನು ಮತ್ತೆ ಓಡಿಸಿ. ಮೇಲೆ ಹೇಳಿದ ಇನ್‌ಫ್ಲೈಟ್ ಗೋಡೆ ಇಲ್ಲಿ ಕಣ್ಣಿಗೆ ರಾಚುತ್ತದೆ. ಸಾಧನ ಹೇಳದೇ ಮಾಯವಾದಾಗ ಬ್ರೋಕರ್ ಅದನ್ನು ಕೀಪ್ ಅಲೈವ್‌ನ ಒಂದೂವರೆ ಪಟ್ಟು ಹೊತ್ತು ಕಾದು ಕೈಬಿಡಬೇಕು. ಕೆಲವು ಕ್ಲೈಂಟ್‌ಗಳ ಪ್ಯಾಕೆಟ್‌ಗಳನ್ನು ಪೂರ್ತಿ ತಡೆದು ಅದನ್ನೂ ನೋಡಿಕೊಳ್ಳಿ.

ಕ್ಲಸ್ಟರ್ ಬೇಕಾದವರು ಲೋಡ್ ನಡುವೆ ಒಂದು ನೋಡ್ ಬೀಳಿಸಿ ಇವೇ ಮೂರನ್ನೂ ಮತ್ತೆ ಮಾಡಿ. ಒಂದು ನೋಡ್‌ನಲ್ಲೇ ಮುಗಿಯುವ ಲೋಡಿಗೆ ಕ್ಲಸ್ಟರ್ ಕಟ್ಟಿ ತಲೆನೋವು ತಂದುಕೊಳ್ಳುವವರನ್ನು ನಾನು ನೋಡಿದ್ದೇನೆ, ಅವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಬ್ರೋಕರ್ ಆವೃತ್ತಿ, ಕಾನ್ಫಿಗ್ ಫೈಲ್, ಕರ್ನಲ್ ಸೆಟ್ಟಿಂಗ್, ಟೂಲ್‌ಗೆ ಕೊಟ್ಟ ಕಮಾಂಡ್ ಎಲ್ಲವನ್ನೂ ಒಂದೇ ರಿಪಾಸಿಟರಿಯಲ್ಲಿ ಇಡಿ. ಬ್ರೋಕರ್ ಅಪ್‌ಗ್ರೇಡ್ ಮಾಡುವ ಮುಂಚೆ ಅದೇ ಸ್ಕ್ರಿಪ್ಟ್ ಓಡಿಸಿ ಹಳೆಯದಕ್ಕೆ ಹೋಲಿಸಿ.

ಲೈಸೆನ್ಸ್ ಕೂಡ ಆವೃತ್ತಿಯ ಜೊತೆ ಬದಲಾಗುತ್ತದೆ. ಇಎಂಕ್ಯೂಎಕ್ಸ್‌ನ ಓಪನ್ ಸೋರ್ಸ್ ಎಡಿಷನ್ ಅಪಾಚೆ 2.0 ಅಡಿ ಬರುತ್ತಿತ್ತು. 2025ರಲ್ಲಿ ಬಂದ 5.9ರಿಂದ ಅದು ಬಿಸಿನೆಸ್ ಸೋರ್ಸ್ ಲೈಸೆನ್ಸ್ 1.1 ಆಗಿದೆ, ಕ್ಲಸ್ಟರ್‌ಗೆ ಲೈಸೆನ್ಸ್ ಕೀ ಬೇಕು. ವರ್ನ್‌ಎಂಕ್ಯೂನ ಸೋರ್ಸ್ ಕೋಡ್ ಅಪಾಚೆ 2.0, ಆದರೆ ಅವರು ಕಟ್ಟಿಕೊಡುವ ರೆಡಿ ಪ್ಯಾಕೇಜ್‌ಗಳಿಗೆ ಬೇರೆ ಒಪ್ಪಂದ ಒಪ್ಪಿಕೊಳ್ಳಬೇಕು. ಓದಲು ಅರ್ಧ ಗಂಟೆ ಸಾಕು. ಅದನ್ನು ಟೆಸ್ಟ್ ಮುಗಿದ ಮೇಲಲ್ಲ, ಲೋಡ್ ಬರೆದುಕೊಳ್ಳುವ ಹಾಳೆಯ ಜೊತೆಯಲ್ಲೇ ಮಾಡಿ.